ರಜೆ ದಿನದ ಸಹಿ

ಹೊಸ ಮನೆ, ಮೂರನೇ ಮಹಡಿ
ಜೂನ್ ೧೪, ಶನಿವಾರ

ನನ್ನ ಮುದ್ದು ಚಿಕ್ಕಮ್ಮಾ,

ಹೇಗಿದ್ದೀಯ? ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದರೆಂದು ನಿನ್ನ ಮಗರಾಯ ಫೋನಿನಲ್ಲಿ ಹೇಳಿದ. ಅವನ ಮನೆಯಲ್ಲಿ ಆರಾಮಾಗಿ ಇರು, ಗೋಡೆ ಹಿಡಿಯದೆ ನಡೆದು ಶೂರತನ ತೋರಿಸಬೇಡ. ಇಲ್ಲಿ ನಾವಿಬ್ಬರೂ ಸೂಪರ್! ನಿನ್ನ ಅಳಿಯ ಎಷ್ಟು ಒಳ್ಳೆಯವರೆಂದರೆ, ನನಗೆ ನೆಗಡಿಯಾದರೆ ಮಫ್ಲರ್ ಸುತ್ತಿಕೊಳ್ಳುವವರು ಅವರು. ಕಿಟಕಿಗೆ ಹಳದಿ ಪರದೆ ಹಾಕಿದ್ದೇವೆ. ಅಳತೆ ತೆಗೆದದ್ದು ಅವರೇ, ಆದ್ದರಿಂದ ಒಂದು ಗೇಣು ಮೋಟು. ಬೆಳಿಗ್ಗೆ ಆ ಸಂದಿಯಿಂದ ಬಿಸಿಲು ಬಂದು ನಮ್ಮ ಕಾಲುಗಳ ಮೇಲೆ ಬೀಳುತ್ತದೆ, ಅಷ್ಟಕ್ಕೇ ಬಿದ್ದು ಬಿದ್ದು ನಗುತ್ತೇವೆ. ಹುಚ್ಚು ಎನ್ನುತ್ತೀಯ, ಗೊತ್ತು. ಈ ವಾರ ಯಾಕೋ ನಗು ಬಾಯಿಗೆ ಮಾತ್ರ ಬರುತ್ತಿದೆ.

ಫ್ಯಾಕ್ಟರಿ ಸುದ್ದಿ ಕೇಳು. ರಜೆ ದಿನ ಕೆಲಸ ಮಾಡಿಸಿದರೆ ಎರಡರಷ್ಟು ಕೂಲಿ ಎಂದು ನೇಮಕದ ಕಾಗದದಲ್ಲೇ ಇದ್ದರೂ ಒಂದೂವರೆಯಷ್ಟೇ ಕೊಡುತ್ತಿದ್ದರಲ್ಲ, ಕೊನೆಗೂ ನಮ್ಮ ಪ್ಯಾಕಿಂಗ್ ವಿಭಾಗದ ಮೂವತ್ತೊಂದು ಜನ ಒಟ್ಟಾಗಿ ಕೇಳಿಯೇಬಿಟ್ಟೆವು. ಅರ್ಜಿ ಬರೆದವರು ಯಾರು? ನೀನು ಹೊಟ್ಟೆ ಬಟ್ಟೆ ಕಟ್ಟಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿಸಿದ ಈ ಮಹಾರಾಣಿ! ಎರಡು ಪುಟ ಚಿಕ್ಕಮ್ಮ, ಒಂದೂ ತಪ್ಪಿಲ್ಲ. ಸಾಕ್ಷಿ ಇರಲಿ ಎಂದು ಇಡೀ ವರ್ಷದ ರಜೆ ದಿನಗಳ ಹಾಜರಿ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ, ನಾನೇ ಪಿನ್ ಹೊಡೆದು ಕೊಟ್ಟೆ. ಒಂದು ಪುಟದಲ್ಲಿ ನನ್ನ ಮದುವೆಯ ತಾರೀಖು ಕಂಡಿತು. ಖುಷಿ ತಡೆಯಲಾಗದೆ, ಪೆಟ್ಟಿಗೆ ಸಾಗುವ ಬೆಲ್ಟಿನಲ್ಲಿ ನನ್ನೆದುರು ನಿಲ್ಲುವ ಕೆಂಪು ಸ್ಕಾರ್ಫಿನ ಅಕ್ಕನಿಗೆ ಅದನ್ನು ತೋರಿಸಿಯೂ ಬಿಟ್ಟೆ. ಅವಳು ನನಗೆ ‘ವಕೀಲಮ್ಮ’ ಎಂದು ಹೆಸರಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬುಧವಾರ ಆಫೀಸಿಗೆ ಕರೆದರು. ಆಡಳಿತಾಧಿಕಾರಿ ಅದೇ ಪುಟ ತೆರೆದು ನನ್ನ ಸಹಿಯ ಮೇಲೆ ಪೆನ್ನಿಟ್ಟರು. “ಅವತ್ತು ನಾನು ನಿಮ್ಮ ಮದುವೆ ಊಟಕ್ಕೆ ಬಂದಿದ್ದೆ, ಎರಡೆರಡು ಸಲ ಸಿಹಿ ಹಾಕಿಸ್ಕೊಂಡೆ. ಇಲ್ಲಿ ನೋಡಿದ್ರೆ ನೀವು ಎಂಟು ಗಂಟೆ ಪೆಟ್ಟಿಗೆ ತುಂಬಿದೀರಲ್ಲಮ್ಮ!” ಎಂದರು. ತಮಾಷೆಯಾಗಿಯೇ ಹೇಳಿದರು. ನಾನೂ ನಕ್ಕೆ. ನಿಲ್ಲಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಆ ದಿನ ಆಫೀಸಿನವರಿಗೆಲ್ಲ ರಜೆ, ಬೆಲ್ಟಿನಲ್ಲಿ ಅಕ್ಕಪಕ್ಕ ನಿಲ್ಲುವ ನಿನಗೂ ನನಗೂ ಸಿಕ್ಕಿರಲಿಲ್ಲ. “ನೀನಿಲ್ದೆ ನಿನ್ನ ಮದುವೆ ಆಗಲ್ಲ, ನಾನಿಲ್ದೆ ಆಗುತ್ತೆ, ಹೋಗೇ” ಎಂದು ನನ್ನನ್ನು ತಳ್ಳಿ ನೀನು ಬೆಲ್ಟಿನ ಮುಂದೆ ನಿಂತೆ. ಪಕ್ಕದವಳು ಬರದಿದ್ದರೆ ಅವಳ ಪೆಟ್ಟಿಗೆಗಳನ್ನೂ ತುಂಬಿ, ಅವಳ ಸಹಿಯನ್ನೂ ಹಾಕುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಪೆಟ್ಟಿಗೆ ಸರಿಹೋದರೆ ಸಹಿಯನ್ನು ಯಾರೂ ನೋಡುವುದಿಲ್ಲ. ಆ ಮಂಡಿಯಲ್ಲಿ ನೀನು ಎರಡು ಆಳಿನ ಕೆಲಸ ಮಾಡಿದೆ. ಸಂಜೆ ನೀನು ಬರುವಷ್ಟರಲ್ಲಿ ಫೋಟೋದವರೂ ಹೋಗಿಯಾಗಿತ್ತು. ಸಹಿ ಮಾತ್ರ ಎಷ್ಟು ಚೆನ್ನಾಗಿ ಹಾಕಿದ್ದೀಯ, ನಾನು ಹಾಕುವುದಕ್ಕಿಂತ ಗುಂಡಗಿದೆ!

ಒಂದು ಸಹಿ ಸುಳ್ಳಾದರೆ ಇಡೀ ಪುಸ್ತಕವೇ ಸುಳ್ಳು, ಅರ್ಜಿ ವಜಾ ಎಂದರು. ಹಾಕಿದವರ ಹೆಸರನ್ನು ಶುಕ್ರವಾರ ಐದು ಗಂಟೆಯೊಳಗೆ ಬರೆದುಕೊಟ್ಟರೆ ಅವರೊಬ್ಬರ ಮೇಲೆ ಕ್ರಮ, ಉಳಿದ ಎಲ್ಲರಿಗೂ ಎರಡರಷ್ಟು. ಕ್ರಮ ಎಂದರೆ ಕೆಲಸದಿಂದ ತೆಗೆಯುವುದೇ ಎಂದು ಕೇಳಿ ಖಚಿತಮಾಡಿಕೊಂಡೆ. ನಾನೇ ಹಾಕಿದೆ ಎಂದು ಬರೆದುಕೊಟ್ಟೆ. ಮದುವೆ ಮಂಟಪದಿಂದ ಹೇಗೆ ಹಾಕಿದೆ ಎಂದು ಕಾಗದ ವಾಪಸ್ಸು ಕೊಟ್ಟರು. ನಿನ್ನ ನಿವೃತ್ತಿಗೆ ಇನ್ನು ಎರಡು ವರ್ಷ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಬೆಲ್ಟಿಗೆ ಮರಳಿದೆ.

ಆಮೇಲೆ ಎಲ್ಲರೂ ನನ್ನೊಂದಿಗೆ ತುಂಬ ಪ್ರೀತಿಯಿಂದ ಇದ್ದರು. ನನ್ನ ಪೆಟ್ಟಿಗೆಗಳನ್ನು ಅವರೇ ಎತ್ತಿಟ್ಟರು. ಯಾರೂ ಏನೂ ಕೇಳಲಿಲ್ಲ. ಕೆಂಪು ಸ್ಕಾರ್ಫಿನ ಅಕ್ಕ ಮಾತ್ರ ಕೈ ತೊಳೆಯುತ್ತ, “ಅವರು ಹೇಗೂ ಮಂಡಿ ಹಿಡ್ಕೊಂಡು ಮನೇಲಿದಾರಲ್ವೇನೇ” ಎಂದಳು. ಅವಳ ಮಗಳ ಕಾಲೇಜು ಫೀಸು ಈ ತಿಂಗಳೇ ಕಟ್ಟಬೇಕು. ನನಗೆ ಸಿಟ್ಟು ಬರಬೇಕಿತ್ತು. ನಲ್ಲಿಯ ನೀರು ತಣ್ಣಗಿದೆ ಎಂದಷ್ಟೇ ಅನಿಸಿತು.

ನಿನ್ನ ಅಳಿಯ ನಮಸ್ಕಾರ ತಿಳಿಸಿದ್ದಾರೆ. ನಿನ್ನ ಮೊಮ್ಮಗಳು ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನಿನ್ನ ಪಾದಕ್ಕೆ, ಮೇಲಿನ ಮಂಡಿಗೂ ಸೇರಿಸಿ, ಹಣೆ ಮುಟ್ಟಿಸುತ್ತೇನೆ.

ಎಂದೆಂದಿಗೂ ನಿನ್ನ
ಗುಬ್ಬಿ

ತಾ.ಕ.: ಸೋಮವಾರ ನಿನಗೆ ಕಂಪನಿಯ ರಿಜಿಸ್ಟರ್ಡ್ ಅಂಚೆ ಬರುತ್ತದೆ. ಇಂಗ್ಲಿಷಿನಲ್ಲಿದೆ, ಓದಿಸಲು ಯಾರನ್ನೂ ಹುಡುಕಬೇಡ. ನಿನ್ನನ್ನು ಕೆಲಸದಿಂದ ತೆಗೆದಿದ್ದಾರೆ. ನಿನ್ನೆ ನಾಲ್ಕೂ ಮುಕ್ಕಾಲಿಗೆ ಬರೆದುಕೊಟ್ಟೆ. ಮೊದಲು ‘ಚಿಕ್ಕಮ್ಮ’ ಎಂದಷ್ಟೇ ಬರೆದಿದ್ದೆ. ಪೂರ್ತಿ ಹೆಸರು ಬೇಕು ಎಂದರು. ಅದನ್ನೂ ಬರೆದೆ.