ಪಡಸಾಲೆಯ ಕಂಪ್ಯೂಟರಿನಲ್ಲಿ ಅಪ್ಪನ ದನಿ

ಕೊಟ್ಟೂರು
೧೮ ಆಗಸ್ಟ್ ೨೦೦೨

ಪ್ರೀತಿಯ ಸೋಮಣ್ಣಾ,

ನಿನ್ನ ತಂಗಿ ಭಾಗ್ಯಳ ನಮಸ್ಕಾರ. ಆರೋಗ್ಯ ಹೇಗಿದೆ? ಸೊಲ್ಲಾಪುರದ ಪ್ರೆಸ್ಸಿನಲ್ಲಿ ಶಾಯಿ ವಾಸನೆಗೆ ಬರುತ್ತಿದ್ದ ತಲೆನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ಅವ್ವ ದಿನಾ ನನ್ನನ್ನೇ ಕೇಳುತ್ತಾಳೆ, ನಾನೇನೋ ಅಲ್ಲಿಂದ ಈಗ ತಾನೆ ಬಂದವಳ ಹಾಗೆ. ಅಪ್ಪ ಕೋಲೂರಿಕೊಂಡು ಬಾಗಿಲವರೆಗೆ ನಡೆಯುತ್ತಾನೆ. ಎಡಗೈ ಚೆನ್ನಾಗಿದೆ. ಪಾರ್ಶ್ವವಾಯು ಹೊಡೆದಾಗ ಹೋದ ಮಾತು ಮಾತ್ರ ಬಂದಿಲ್ಲ. ಏನು ಬೇಕೆಂದು ನಮಗೆ ತಿಳಿಯದಿದ್ದರೆ ತಟ್ಟೆ ದೂಡುತ್ತಾನೆ, ಆಮೇಲೆ ತಾನೇ ಕಣ್ಣು ಒರೆಸಿಕೊಳ್ಳುತ್ತಾನೆ.

ದಾವಣಗೆರೆಯ ಡಾಕ್ಟರು ಒಂದು ಸಿ.ಡಿ. ಕೊಟ್ಟಿದ್ದರು. ಕಂಪ್ಯೂಟರಿಗೆ ಹಾಕಿದರೆ ತೆರೆಯ ಮೇಲೆ ಚಿತ್ರಗಳು ಬರುತ್ತವೆ. ಒಂದೊಂದಕ್ಕೂ ನಾವೇ ದನಿ ತುಂಬಿಟ್ಟರೆ, ಚಿತ್ರ ಒತ್ತಿದಾಗ ಆ ಮಾತು ಕೇಳುತ್ತದೆ. ಅದಕ್ಕೆ ವಿಂಡೋಸ್ ತೊಂಬತ್ತೆಂಟೇ ಆಗಬೇಕು. ನಮ್ಮಲ್ಲಿರುವುದು ನೀನು ತಂದ ಹಳೆಯ ಪೆಟ್ಟಿಗೆ. ಅದನ್ನು ಟೆಂಪೊದಿಂದ ಇಳಿಸಿದ ದಿನ ನೆನಪಿದೆಯೇ? ಅಪ್ಪ ನಮ್ಮ ಅಚ್ಚುಕೂಟದಿಂದ ಅಚ್ಚುಮೊಳೆ ಹಿಡಿದುಕೊಂಡೇ ಹೊರಗೆ ಬಂದು, “ಮೊಳಿ ಜೋಡ್ಸೋ ಕೈ ಇರೋತನ ಇದು ನನ್ ಮನ್ಯಾಗ ಬ್ಯಾಡಲೇ” ಎಂದಿದ್ದ. ಅವನು ಮಧ್ಯಾಹ್ನ ಮಲಗಿದಾಗ ನಾವಿಬ್ಬರೂ ಸದ್ದಿಲ್ಲದೆ ಅದರಲ್ಲಿ ಮದುವೆ ಕಾರ್ಡಿನ ಬಳ್ಳಿ ಬಿಡಿಸುತ್ತಿದ್ದೆವು. ಎಂಥ ಸುಖದ ಮಧ್ಯಾಹ್ನಗಳು ಅವು! ನೀನು ಅಪ್ಪನೊಡನೆ ಜಗಳವಾಡಿ ಊರು ಬಿಟ್ಟ ಮೇಲೆ ಅವ್ವ ಅದಕ್ಕೆ ಹಳೆಯ ಸೀರೆ ಹೊದಿಸಿಟ್ಟಿದ್ದಳು.

ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಗಾದಿಲಿಂಗಪ್ಪನವರು, “ಇದು ಆ ಮಷೀನಿಗೆ ಕೂಡಂಗಿಲ್ಲವ್ವ, ಪ್ರೊಸೆಸರ್ ಭಾಳ ಹಳೇದು” ಎನ್ನುತ್ತಲೇ ವಿಂಡೋಸ್ ಸಿ.ಡಿ. ಕೊಟ್ಟರು. ಅವರು ಹೇಳಿದಂತೆ ಶುರುವಿನಲ್ಲೇ ನಿಂತಿತು. ಪ್ರೊಸೆಸರ್ ಪರೀಕ್ಷೆ ಬಿಟ್ಟು ಮುಂದೆ ಹೋಗುವ ಆದೇಶವನ್ನೂ ಅವರೇ ಫೋನಿನಲ್ಲಿ ಹೇಳಿಕೊಟ್ಟರು. ಫೈಲುಗಳೆಲ್ಲ ಇಳಿದವು. ಖುಷಿಯಿಂದ ಅವ್ವನನ್ನು ಕರೆದರೆ, ವಿಂಡೋಸ್ ಶುರುವಾಗುವಾಗಿನ ಮೋಡದ ಚಿತ್ರ ಬಂದು ಅಲ್ಲೇ ಕೂತುಬಿಟ್ಟಿತು. ಆರಿಸಿ ಹಚ್ಚಿದರೂ ಮೋಡವೇ. “ಬರೀ ಮೋಡಾನ ಐತಲ್ಲ, ಮಳಿ ಯಾವಾಗ?” ಎಂದಳು ಅವ್ವ. ತೀರಾ ಬೇಕಾದದ್ದಷ್ಟೇ ಓಡುವ ‘ಸೇಫ್ ಮೋಡ್’ನಲ್ಲಿ ಹಚ್ಚಿದೆ, ಎದ್ದಿತು. ಹಾಗಾದರೆ ಒಳಗಿನ ಯಾವುದೋ ಕಾರ್ಡು ತಡೆಯುತ್ತಿದೆ ಎಂದುಕೊಂಡು, ಸ್ಕ್ರೂ ಬಿಚ್ಚಿ ಸೌಂಡ್ ಕಾರ್ಡ್ ತೆಗೆದೆ. ಸರಾಗವಾಗಿ ಶುರುವಾಯಿತು. ಆದರೆ ಅದೇ ಇಲ್ಲದಿದ್ದರೆ ದನಿ ಎಲ್ಲಿಂದ ಬರಬೇಕು? ಬಿಚ್ಚಿದ ಪೆಟ್ಟಿಗೆಯ ಮುಂದೆ ಕೂತು ಅತ್ತುಬಿಟ್ಟೆ, ಅಣ್ಣಾ. ಅತ್ತು ಮುಗಿದ ಮೇಲೆ, ಫೋನಿಗೆಂದು ನೀನು ಹಾಕಿಸಿದ್ದ ಮೋಡೆಮ್ ಕಾರ್ಡ್ ಪಕ್ಕದಲ್ಲೇ ಕಂಡಿತು. ಎರಡೂ ಒಂದೇ ಜಾಗಕ್ಕೆ ಗುದ್ದಾಡುತ್ತಿರಬಹುದೇ? ಅದನ್ನು ಕಿತ್ತು ಸೌಂಡ್ ಕಾರ್ಡನ್ನು ಮತ್ತೆ ಕೂರಿಸಿದೆ. ಮೋಡ ಸರಿಯಿತು!

ಚಿತ್ರಗಳಿಗೆ ನನ್ನ ದನಿ ತುಂಬಲು ಮನಸ್ಸಾಗಲಿಲ್ಲ. ನೀನು ಹಿಂದೊಮ್ಮೆ ಅಪ್ಪನಿಗೆ ತಿಳಿಯದಂತೆ ಅವನ ಮಾತು ರೆಕಾರ್ಡ್ ಮಾಡಿದ್ದ ಕ್ಯಾಸೆಟ್ ಹುಡುಕಿ, ಟೇಪಿಗೂ ಕಂಪ್ಯೂಟರಿಗೂ ವೈರ್ ಜೋಡಿಸಿ, ಬೇಕಾದ ಮಾತುಗಳನ್ನು ಕತ್ತರಿಸಿಕೊಂಡೆ. ಅಪ್ಪ ಎಡಗೈಯಿಂದ ಲೋಟದ ಚಿತ್ರ ಒತ್ತಿದ. “ಏಯ್, ನೀರ್ ತಗಂಬಾ!” ಅದೇ ಗಡಸು ದನಿ. ಅಡುಗೆಮನೆಯಿಂದ ಅವ್ವ, “ಬಂದೆ, ತಡೀರಿ” ಎಂದು ಮೊದಲಿನಂತೆಯೇ ಕೂಗಿಬಿಟ್ಟಳು. ಆಮೇಲೆ ಚೊಂಬು ಹಿಡಿದು ಬಾಗಿಲಲ್ಲೇ ನಿಂತಳು. ಒಳಗೆ ಬರಲು ಅವಳಿಗೆ ಬಹಳ ಹೊತ್ತು ಹಿಡಿಯಿತು.

ಅವ್ವ ನಿನ್ನ ತಲೆ ಸವರಿದಳೆಂದು ಬರೆಯಲು ಹೇಳಿದ್ದಾಳೆ. ಮೈ ಕಡೆ ನೋಡಿಕೋ.

ನಿನ್ನ ತಂಗಿ,
ಭಾಗ್ಯ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ನೀನು ಓಡಿ ಬಂದಾಗ ಅಪ್ಪ ಗೋಡೆಯ ಕಡೆ ತಿರುಗಿಕೊಂಡ, ನೀನು ಬಾಗಿಲಿನಿಂದಲೇ ಹೊರಟುಹೋದೆಯಲ್ಲ, ಅದನ್ನು ಈಗ ಕೇಳಿದೆ. “ಅಣ್ಣನ ಮ್ಯಾಲ ಸಿಟ್ಟಿತ್ತೇನಪ್ಪಾ?” ಎಂದೆ. “ಇಲ್ಲ” ಒತ್ತಿದ. “ಬಾಯಿ ಸೊಟ್ಟಾಗಿದ್ದು ಅವ ನೋಡಬಾರ್ದಂತ ತಿರುಗಿದ್ಯಾ?” ಎಂದೆ. “ಹೂಂ.” ಆಮೇಲೆ ಯಾರೂ ಕೇಳದೆಯೇ “ಬಾ” ಒತ್ತಿದ. ನಾನು ಲಕೋಟೆ ಅಂಟಿಸಲು ಹೊರಟಿದ್ದೇನೆ, ಅವನು ಇನ್ನೂ ಅದನ್ನೇ ಒತ್ತುತ್ತಿದ್ದಾನೆ.