ಮಲಗಿರುವ ಸಂತನ ತಲೆ

ಪ್ರೀತಿಯ ಯುಫೇಮಿಯಾ ಅಮ್ಮನವರಿಗೆ,

ನಾವು ಮರುಭೂಮಿ ದಾಟಿ, ಮಲಗಿರುವ ಸಂತನ ಮೂರ್ತಿಯಿರುವ ಮಗ್ದಲೇನಾ ಊರು ತಲುಪಿದೆವು. ನಿಮ್ಮ ಉಪಕಾರಕ್ಕೆ ಎದುರಿಗೆ ಕೃತಜ್ಞತೆ ಹೇಳಲು ನಾಚಿಕೆಯಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಅಂಗಾಲಿನ ಬೊಬ್ಬೆಗಳು ಒಡೆದು ದಾರಿಯಲ್ಲೇ ಕುಸಿದಾಗ, ನಿಮ್ಮ ಗಾಡಿ ಹತ್ತಿದರೆ, ಸಂತನ ಬಳಿಗೆ ನಡೆದೇ ಬರುತ್ತೇನೆಂದು ನನ್ನ ಅಮ್ಮನಿಗಾಗಿ ಹೊತ್ತ ಹರಕೆ ಮುರಿಯುತ್ತದೆಂದು ನಾನು ಅಳುತ್ತಿದ್ದೆ. ನೀವು, “ಇಲ್ಲೊಂದು ಕಲ್ಲಿಡು ಮಗಳೇ. ಕಾಲು ವಾಸಿಯಾದ್ಮೇಲೆ ಇಲ್ಲಿಂದ್ಲೇ ನಡಿ,” ಎಂದು ಮನೆಗೆ ಕರೆದೊಯ್ದಿರಿ. ಆಮೇಲೆ ಅದೇ ಕಲ್ಲಿನ ಹತ್ತಿರ ತಂದು ಬಿಟ್ಟಿರಿ. ಗೆಳೆಯರೂ ನನಗಾಗಿ ಕಾದರು. “ಸಂತ ಮಲಗೇ ಇರ್ತಾನೆ ಕಣೇ, ಎಲ್ಲೂ ಓಡಿಹೋಗಲ್ಲ,” ಎಂದು ನಿಕನೋರ್ ಛೇಡಿಸಿದ.

ಹರಕೆ ಮುರಿದವರ ಕೈಗೆ ಸಂತನ ಮೂರ್ತಿಯ ತಲೆ ಏಳುವುದಿಲ್ಲ ಎನ್ನುತ್ತಾರಲ್ಲ, ಎರಡೂ ಕೈ ಕೊಟ್ಟು ಎತ್ತಿದೆ. ಹಗುರವಾಗಿ ಎದ್ದಿತು ಅಮ್ಮಾ.

ಸೋಮವಾರ ನನ್ನ ಅಮ್ಮನ ಆಪರೇಷನ್. ಅಂದು ದಯವಿಟ್ಟು ಒಂದು ಮೇಣದಬತ್ತಿ ಹಚ್ಚಿ. ಅವಳ ಹೆಸರು ಒತಿಲಿಯಾ. ನೀವು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನೀವು ಮಗಳೇ ಎಂದು ಕರೆದ,
ಬ್ರಿಹಿದಾ