ಒನ್ನಿಯ ಪ್ರೊಪೆಲ್ಲರ್

ಇನಾರಿ, ಅಕ್ಟೋಬರ್ ೯

ಅಣ್ಣಾ,

ಇಲ್ಲಿ ಉತ್ತರದ ತುದಿಯಲ್ಲಿ ಸರೋವರದ ಅಂಚು ಆಗಲೇ ಹೆಪ್ಪುಗಟ್ಟಿದೆ. ನೀರಿನ ಮೇಲಿಳಿಯುವ ವಿಮಾನಗಳನ್ನೆಲ್ಲ ದಡಕ್ಕೆಳೆದು, ಪ್ರೊಪೆಲ್ಲರ್ ಬಿಚ್ಚಿ, ಒರೆಸಿ, ಮೇಣ ಹಚ್ಚಿ ಚಳಿಗಾಲಕ್ಕೆ ಎತ್ತಿಡುತ್ತಿದ್ದೇವೆ. ನಿನ್ನೆ ನಮ್ಮ ಯಜಮಾನರಾದ ಟಾವ್ನೊ ತಮ್ಮ ಹಳೆಯ ಮರದ ಪ್ರೊಪೆಲ್ಲರನ್ನು ನನ್ನ ಕೈಗೆ ಕೊಡದೆ ಜೊತೆಯ ಮೆಕ್ಯಾನಿಕ್ ಒನ್ನಿಗೆ ಕೊಟ್ಟರು. ನನಗೆ ಹೊಟ್ಟೆ ಉರಿದುಹೋಯಿತು. ಅವನು ಬೇರೆ, "ನಿಮ್ಮ ದಕ್ಷಿಣದೋರಿಗೆ ಚಳಿ ಅಂದ್ರೆ ಏನ್ ಗೊತ್ತು, ಸಿರ್ಕಾ? ಹೋಗು, ಕಾಫಿ ಇಡು" ಅಂದ.

ಆ ಮಹಾನುಭಾವ ಅದನ್ನು ಶೆಡ್ಡಿನ ಮೂಲೆಯಲ್ಲಿ ದೊಣ್ಣೆಯ ಹಾಗೆ ನೆಟ್ಟಗೆ ನಿಲ್ಲಿಸಿ ಹೋದ! ನೀನು ತಲೆಗೆ ಮೊಟಕಿ ಕಲಿಸಿದ್ದಲ್ಲವೇ: ಮರದ್ದನ್ನು ಮಲಗಿಸಿಯೇ ಇಡಬೇಕು, ನಿಲ್ಲಿಸಿದರೆ ತೇವವೆಲ್ಲ ಕೆಳಗಿಳಿದು ಒಂದು ಅಲಗು ಭಾರವಾಗುತ್ತದೆ, ಬೇಸಿಗೆಯಲ್ಲಿ ವಿಮಾನ ಗಡಗಡ ನಡುಗುತ್ತದೆ. ನಡುಗಲಿ, ಒನ್ನಿಯ ಮಾನ ಹೋಗಲಿ ಎಂದುಕೊಂಡು ಬಾಗಿಲವರೆಗೆ ಹೋದೆ. ಮುಂದಕ್ಕೆ ಕಾಲೇ ಬರಲಿಲ್ಲ. ತಿರುಗಿ ಬಂದು ಅದನ್ನು ಗೋಡೆಯ ಗೂಟಗಳ ಮೇಲೆ ಅಡ್ಡಲಾಗಿ ಮಲಗಿಸಿದೆ.

ಇವತ್ತು ಟಾವ್ನೊ ಬಂದು ನೋಡಿ, ಒನ್ನಿಯ ಬೆನ್ನು ತಟ್ಟಿ, "ಅಡ್ಡಿಯಿಲ್ಲ ಕಣೋ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಬಂದಾಗಿನಿಂದ ನಾನು ಅದೊಂದು ಮಾತಿಗೆ ಕಾದಿದ್ದೇನೆ. ಒನ್ನಿ ಹಲ್ಲು ಕಿರಿದ. ಪ್ರೊಪೆಲ್ಲರ್ ತಾನಾಗಿಯೇ ಹೋಗಿ ಮಲಗಿತೆಂದು ಅವನ ನಂಬಿಕೆಯಿರಬೇಕು.

ಕೆಮ್ಮು ವಾಸಿಯಾಗಿದೆ. ಉಣ್ಣೆ ಕಾಲುಚೀಲ ತಲುಪಿತು. ಟಾವ್ನೊ "ಅಡ್ಡಿಯಿಲ್ಲ" ಅಂದರು ಅಂತ ಅಮ್ಮನಿಗೆ ಹೇಳು. ಯಾರಿಗೆ ಅಂತ ಹೇಳಬೇಡ.

ನಿನ್ನ ಸಿರ್ಕಾ